ದೋಹಾ ಮುಟ್ಟೋವರೆಗೂ

ನಾನು ಬಾಡಿಗೆ ಕಾರು ಓಡಿಸುವವನು. ಒಂದು ಸಲ ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯಿಂದ ಗಂಡ ಹೆಂಡತಿ ಇಬ್ಬರನ್ನು ಬೆಂಗಳೂರಿನ ಏರ್‌ಪೋರ್ಟಿಗೆ ಕರೆದುಕೊಂಡು ಹೋಗಿದ್ದೆ. ಗಂಡ ದೋಹಾಕ್ಕೆ ಡ್ರೈವರ್ ಕೆಲಸಕ್ಕೆ ಹೊರಟಿದ್ದ. ಅವನು ಫೋನ್ ಮಾಡಿ, “ಸೀಟಲ್ಲಿ ಕೂತೆ, ಇನ್ನೇನು ಹೊರಡ್ತೈತೆ” ಅನ್ನೋವರೆಗೂ ಹೆಂಡತಿ ಅಲ್ಲಿಂದ ಕದಲಲಿಲ್ಲ.

ವಾಪಸ್ ಬರುವಾಗ ಕೇಳಿದಳು, “ಅಣ್ಣ, ದೋಹಾ ಎಷ್ಟು ದೂರ?”

“ಮೂರು ಸಾವಿರ ಕಿಲೋಮೀಟರ್ ಹತ್ತತ್ರ ಕಣವ್ವ. ನಾಕು ಗಂಟೇಲಿ ಇಳೀತಾರೆ.”

“ನಮ್ಮೂರು?”

“ಇನ್ನೂರೈವತ್ತು ಆಗ್ಬೋದು. ನಮ್ಗೆ ಐದು ಗಂಟೆ ಬೇಕು.”

“ಅಂಗಾರೆ ನಾನು ಮನೆ ಸೇರೋಕ್ ಮುಂಚೇನೇ ಅವ್ರು ಅಲ್ಲಿರ್ತಾರೆ” ಅಂದು ಕಿಟಕಿ ಕಡೆ ತಿರುಗಿ ಕೂತಳು.

ಹುಣಸೂರು ದಾಟುವಾಗ ಗಂಡನ ಫೋನ್ ಬಂತು, ಇಳಿದಾಯಿತಂತೆ. ಅದರ ಹಿಂದೆಯೇ ಅತ್ತೆಯ ಫೋನು. ನಮ್ಮ ಕಡೆ, ಪ್ರಯಾಣ ಹೊರಟವರು ಹೋಗೋ ಊರು ಮುಟ್ಟೋವರೆಗೂ ಮನೆಯ ಕಸ ಗುಡಿಸೋದಿಲ್ಲ. “ದೀಪ ಹಚ್ಚೋ ಹೊತ್ತಾಯ್ತು, ಮುಟ್ಟಿದ್ನಾ? ಅಂಗಳ ಗುಡಿಸ್ಲಾ?” ಅಂತ ಮುದುಕಿ ಕೂಗಿದ್ದು ನನಗೂ ಕೇಳಿಸಿತು.

ಆಕೆ ಅಂದಳು, “ಇನ್ನೂ ಮುಟ್ಟಿಲ್ಲ ಕಣತ್ತೆ. ಗುಡಿಸ್ಬೇಡಿ.”

ನಾನು ಕನ್ನಡಿಯಲ್ಲಿ ನೋಡಿದ್ದು ಗೊತ್ತಾಗಿರಬೇಕು. “ಅಂಗಳದಲ್ಲಿ ಅವ್ರ ಹೆಜ್ಜೆ ಅವೆ ಕಣಣ್ಣ” ಅಂದಳು.

ಯಾರ ಮನೆಗೆ ಹೋದರೂ ಅಂಗಳದೊಳಕ್ಕೇ ಕಾರು ತಂದು ನಿಲ್ಲಿಸೋ ನಾನು ಅವತ್ತು ರಸ್ತೆಯಲ್ಲೇ ನಿಲ್ಲಿಸಿದೆ. ಆಕೆಯೂ ಹಿತ್ತಲ ಕಡೆಯಿಂದ ಸುತ್ತಿಕೊಂಡು ಒಳಗೆ ಹೋದಳು. ಗಿರಾಕಿಯನ್ನು ಬಾಗಿಲಿಗೆ ಬಿಡದೆಯೂ ಬೈಸಿಕೊಳ್ಳದೆ ಬಂದದ್ದು ಅದೊಂದೇ ಸಲ.