ಗುಡ್ಲ ಮುಂದಿನ ಬಳೆಚೂರು

ಐಮಂಗಲದಲ್ಲಿ ಮೊದಲ ಬಸ್ಸಿಳಿದು ಗೊಲ್ಲರಹಟ್ಟಿಯ ಕಾಲುದಾರಿ ಹಿಡಿಯುವಾಗ ಇನ್ನೂ ಮಬ್ಬುಗತ್ತಲೆ. ಹಿರಿಯೂರಿನ ಬಳೆಗಾರ್ತಿ ಇಮಾಂಬೀಯ ಹೆಗಲಲ್ಲಿ ಬಳೆಯ ಮಲಾರ, ಬಾಯಲ್ಲಿ ಎಲೆಯಡಿಕೆ. ಜಾಲಿಮರಗಳ ನಡುವೆ ಒಂಟಿ ಗುಡ್ಲು ಕಂಡದ್ದೇ ಆಕೆಯ ಕಾಲು ತಾನಾಗಿ ನಿಧಾನವಾಗುತ್ತದೆ. ಎಲೆ ಅಲ್ಲಾಡುವುದಿಲ್ಲ, ನಾಯಿಯೂ ಬೊಗಳುವುದಿಲ್ಲ. ಆಕೆ ಕಿವಿಗೊಟ್ಟು ನಿಂತು, ಜೊತೆ ಬಂದವರತ್ತ ತಿರುಗುತ್ತಾಳೆ.

“ಈ ಜಾಗದಾಗೆ ಇವತ್ತಿಗೂ ಮೈ ಜುಮ್ ಅಂತೈತೆ ರೀ. ಹೆದರಿಕೆ ಇಲ್ಲ ಅಂದ್ರೆ ಸುಳ್ಳಾಗ್ತೈತೆ.”

ಹಟ್ಟಿಯ ಹೆಣ್ಣುಮಕ್ಕಳು ಮುಟ್ಟಾದಾಗ ಇರುವ ಗುಡ್ಲು ಅದು. ಆ ದಿನಗಳಲ್ಲಿ ಅವರನ್ನು ಹಟ್ಟಿಯವರು ಯಾರೂ ಮುಟ್ಟುವಂತಿಲ್ಲ. ಹೆತ್ತ ತಾಯಿಯೂ ಅನ್ನ ದೂರದಲ್ಲಿಟ್ಟು ಹೋಗಬೇಕು. ಮೊದಲು ಅದು ಹಟ್ಟಿಯ ಬೇಲಿಗೆ ಒತ್ತಿಕೊಂಡೇ ಇತ್ತು. ಕುರಿಗಾರ ಜುಂಜಯ್ಯನ ತಂಗಿ ದೊಡ್ಡಕ್ಕ ರಾತ್ರಿಯೆಲ್ಲ ನರಳಿ ಅದರೊಳಗಿಂದಲೇ ಒಂದು ನಸುಕಿನಲ್ಲಿ ಎದ್ದು ಹೋಗಿ ಬಾವಿಗೆ ಬಿದ್ದು ಸತ್ತಳು. ವರ್ಷಗಳು ಕಳೆದು ಜುಂಜಯ್ಯನ ಮಗಳು ಪಾಲಮ್ಮ ಮೈನೆರೆದಳು ನೋಡಿ, ಅವಳು ಒಳಗಿದ್ದಾಗಲೆಲ್ಲ ಮತ್ತೆ ಅದೇ ನರಳಾಟ. ಬೆಳಗಾದರೆ ಬಾಗಿಲ ಮುಂದೆ ಒಡೆದ ಬಳೆಚೂರು. ದೊಡ್ಡಕ್ಕ ಪಾಲಮ್ಮನ ಮೈಮೇಲೆ ಬಂದು ಬಳೆ ಒಡೆಯುತ್ತಾಳೆ ಎಂದರು ಹಟ್ಟಿಯವರು.

ಮಾಡಿದ್ದಾದರೂ ಏನು? ಗುಡ್ಲು ಕಿತ್ತು ದೂರ ಕಟ್ಟಿದರು. ದನಿ ಸಣ್ಣಗಾಯಿತೇ ಹೊರತು ನಿಲ್ಲಲಿಲ್ಲ. ಸಣ್ಣಗಾದ ಮೇಲಂತೂ ಅದು ಮನುಷ್ಯರದು ಅನ್ನಿಸಲೇ ಇಲ್ಲ. ಇನ್ನೂ ದೂರ ಕಟ್ಟಿದರು. ಅಯ್ಯೋ ಶಿವನೇ, ನರಳುವ ಕೂಸಿಗೆ ಏನಾಗಿದೆ ಎಂದು ಕೇಳುವುದು ಬಿಟ್ಟು ಗುಡ್ಲು ಹೊತ್ತು ತಿರುಗಿದ ಜನ! ಹೀಗೆ ಸರಿದೂ ಸರಿದೂ ಅದು ಬಂದು ನಿಂತದ್ದು ಇಮಾಂಬೀಯ ದಾರಿಯ ಮಗ್ಗುಲಿಗೆ.

ಎಪ್ಪತ್ತಾರನೇ ಇಸವಿಯ ಚಳಿಯ ಆ ಬೆಳಗನ್ನು ಆಕೆ ಮರೆತಿಲ್ಲ. “ದನಿ ಕೇಳಿದ್ದೇ ಯಾ ಅಲ್ಲಾ ಅಂತ ಓಡಾಕೆ ಹೊಂಟೆ. ಕಾಲಡಿ ಚುರುಕ್ ಅಂತು. ಬಗ್ಗಿ ನೋಡಿದ್ರೆ ನನ್ ಬಳೇನೇ! ಹಸ್ರು ಮ್ಯಾಲೆ ಬಂಗಾರದ ಚುಕ್ಕಿ, ಮೊನ್ನೆ ಪಾಲಮ್ಮನ ಕೈಗೆ ಏರ್ಸಿದ್ದು. ಏರ್ಸೋವಾಗ ಆ ಹುಡ್ಗಿ ನಕ್ಕಂತ ಕುಂತಿದ್ಲು ರೀ.”

ಬಾಗಿಲಿನ ಬಿದಿರುತಟ್ಟಿ ಸರಿಸಿದರೆ ಪಾಲಮ್ಮ ಮೊಣಕಾಲು ಹೊಟ್ಟೆಗೊತ್ತಿಕೊಂಡು ಬಿದ್ದಿದ್ದಾಳೆ. ನೋವು ಏರಿದಾಗ ಮುಷ್ಟಿ ಕಟ್ಟಿ ಬಾಗಿಲ ಕಲ್ಲಿಗೆ ಗುದ್ದುತ್ತಾಳೆ.

“ಇಮಾಂಬಕ್ಕ, ನಾನು ದೊಡ್ಡಕ್ಕ ಅಲ್ಲ ಕಣಕ್ಕ. ಅಳ್ತಿರಾದು ನಾನೇ. ಅಮಾಸೆಗೆ ಬೇವಿನ ಬರಲು ತಗಂಡು ಹೊಡೀತಾರಂತೆ, ಬಿಡಿಸ್ಕಳಕ್ಕ.”

ಹಟ್ಟಿಯ ಕಟ್ಟು ಹಟ್ಟಿಯವರಿಗೆ, ಬಳೆಗಾರ್ತಿಗೇನು? ಇಮಾಂಬೀ ಆ ಕೈ ಹಿಡಿದೇ ಬಿಟ್ಟಳು. ತಣ್ಣಗಿತ್ತು, ಗೆಣ್ಣುಗಳು ಕಿತ್ತುಹೋಗಿದ್ದವು. ಇಂಥದೇ ಗೆಣ್ಣುಗಳನ್ನು ತಾನು ಹಿಂದೆ ಹಿಡಿದದ್ದು ನೆನಪಾಯಿತು. ನೆಟ್ಟಗೆ ಜುಂಜಯ್ಯನ ಮುಂದೆ ಹೋಗಿ ನಿಂತಳು.

“ಜುಂಜಣ್ಣ, ನಿನ್ ತಂಗೀಗೂ ತಿಂಗ್ಳಾ ನಾನೇ ಬಳೆ ಇಡ್ತಿದ್ದೆ. ತಿಂಗ್ಳಾ ಹಿಂಗೇ ಒಡ್ಕಂಡಿರೋಳು. ಆವಾಗ ಅವಳು ದೆವ್ವ ಆಗಿದ್ಲೇನಪ್ಪ? ಬದುಕಿದ್ಲಲ್ಲ!”

ಜುಂಜಯ್ಯ ಕಂಬಳಿ ಮುಖದ ಮೇಲೆ ಎಳೆದುಕೊಂಡ. ಅದರೊಳಗಿಂದಲೇ ಮಾತು ಬಂತು. “ಅವಳೂ ಹೊಟ್ಟೆ ಹೊಟ್ಟೆ ಅಂತಿದ್ಲು. ಕರ್ಕಂಡು ಹೋಗಕ್ಕ.”

ದುರ್ಗದ ಲೇಡಿ ಡಾಕ್ಟರು ಆಪರೇಷನ್ ಮಾಡಿ ನೋಡಿ ಬಿಡಿಸಿ ಹೇಳಿದರು. ಗರ್ಭಕೋಶದ ಒಳಪದರದಂಥದ್ದೇ ಅದರ ಹೊರಗೂ ಬೆಳೆದಿದೆ, ಮುಟ್ಟಾದಾಗಲೆಲ್ಲ ಅಲ್ಲೂ ರಕ್ತ ಒಸರಿ ನೋಯುತ್ತದೆ, ಎಂಡೊಮೆಟ್ರಿಯೋಸಿಸ್ ಅಂತ ಇದರ ಹೆಸರು. ನೋವು ಪೂರಾ ಹೋಗಿಲ್ಲ, ಮಾತ್ರೆ ನಡೆದಿದೆ. ಆದರೆ ಪಾಲಮ್ಮ ಈಗ ಆ ದಿನಗಳಲ್ಲೂ ಎದ್ದು ಕೂತು ಉಣ್ಣುತ್ತಾಳೆ. ಬೇವಿನ ಬರಲು ತಂದಿಟ್ಟಿದ್ದವರು ಅದನ್ನು ಕುರಿರೊಪ್ಪಕ್ಕೆ ಎಸೆದರು.

ಸುದ್ದಿ ನಿಲ್ಲುತ್ತದೆಯೇ? ತಾಳ್ಯ, ರಾಮಗಿರಿ, ಹೊಸದುರ್ಗದ ಕಡೆಯಿಂದಲೂ ಹುಡುಗಿಯರು ಬಳೆಯ ನೆಪ ಮಾಡಿಕೊಂಡು ಇಮಾಂಬೀಯ ಮನೆಗೆ ಬರುತ್ತಾರೆ. ‘ಮದ್ವೆ ಆದ್ರೆ ಸರಿಹೋಗ್ತೈತೆ’ ಅಂತ ಹೇಳಿಸಿಕೊಂಡು ಬಂದವರೇ ಬಹಳ. ಆಕೆ ಸೆರಗು ಸಿಕ್ಕಿಸಿ ಅವರೊಂದಿಗೆ ದುರ್ಗದ ಬಸ್ಸು ಹತ್ತುತ್ತಾಳೆ. “ಎಲ್ರಿಗೂ ಅದೇ ಕಾಯ್ಲೆ ಇರಾದಿಲ್ಲ ರೀ. ಆ ಹೆಸ್ರೂ ನನ್ ಬಾಯಿಗೆ ಬರಾದಿಲ್ಲ. ನಾನು ಕೈ ಹಿಡ್ಕಂಡು ಕುಂತಿರ್ತೀನಿ, ಅಷ್ಟೇ.”

ಇವತ್ತು ಗುಡ್ಲ ಮುಂದೆ ಅನ್ನದ ತಟ್ಟೆಯಿಲ್ಲ. ಪಾಲಮ್ಮ ಹಟ್ಟಿಯಲ್ಲಿ ಕುರಿ ಬಿಡುತ್ತಿದ್ದಾಳೆ. ಆದರೂ ಒಳಗಿಂದ ಸಣ್ಣಗೆ, ಹಲ್ಲು ಕಚ್ಚಿ ಹಿಡಿದಂಥ ಒಂದು ನರಳಿಕೆ ಕೇಳುತ್ತದೆ. ಇಮಾಂಬೀ ಮಲಾರ ಇಳಿಸುತ್ತಾಳೆ.

“ಯಾರವ್ವ ಒಳಗೆ?”

ದನಿ ನಿಲ್ಲುತ್ತದೆ. ಆಕೆ ತಟ್ಟಿ ಸರಿಸಿ ಮೂಲೆ ಮೂಲೆ ನೋಡುತ್ತಾಳೆ. ಯಾರೂ ಇಲ್ಲ. ಆಕೆಯ ಮುಖ ಅರಳುತ್ತದೆ.

“ಸದ್ಯ, ದೆವ್ವಾನೇ,” ಎಂದು ಮಲಾರ ಮತ್ತೆ ಹೆಗಲಿಗೇರಿಸುತ್ತಾಳೆ. “ಯಾವಾಗ್ಲೂ ದೆವ್ವಾನೇ ಆಗಿರ್ಲಿ ರೀ. ದೆವ್ವಕ್ಕೆ ಹೊಟ್ಟೆನೋವು ಇರಾದಿಲ್ಲ.”