ಇದಲೀನಾಳ ಮೂಗು, ಅಮೀಲ್ಕರನ ನಾಲಿಗೆ

ಸಾಂತಾ ಕ್ರೂಸ್ ಕಡಲತೀರದ ಹೋಟೆಲಿನಲ್ಲಿ ಇದಲೀನಾ ಇಸ್ತ್ರಿ ಹಾಕುವ ಕೆಲಸಕ್ಕಿದ್ದಳು. ಹೊದಿಕೆಗೆ ಬಿಸಿ ತಾಗಿ ಆವಿ ಎದ್ದರೆ ಸಾಕು, ಅದು ಒಣಗಿದ್ದು ಕಡಲ ಕಡೆಯ ಹಗ್ಗದ ಮೇಲೋ ಅಡುಗೆಮನೆ ಕಡೆಯ ಹಗ್ಗದ ಮೇಲೋ ಎಂದು ಹೇಳಿಬಿಡುತ್ತಿದ್ದಳು. ಜೊತೆಯ ಹೆಂಗಸರು, "ನಿನ್ನ ಗಂಡನ ಪಾಡು ದೇವರಿಗೇ ಪ್ರೀತಿ ಕಣೇ, ಎಲ್ಲಿ ಹೋಗಿ ಬಂದ್ರೂ ವಾಸನೆ ಹಿಡೀತೀಯ," ಎಂದು ನಗುತ್ತಿದ್ದರು.

ಗಂಡ ಅಮೀಲ್ಕರ್, ತೋರೆಸ್ ವೆದ್ರಾಸ್ ಎಂಬ ಪೇಟೆಯ ನೀರಿನ ಕಚೇರಿಯಲ್ಲಿ ಗುಮಾಸ್ತ. ಅಚ್ಚುಕಟ್ಟಿನ ಮನುಷ್ಯ, ಮಾತು ಕಡಿಮೆ. ಅವರಿಗೆ ಮಕ್ಕಳಿರಲಿಲ್ಲ. ಶನಿವಾರ ಮಧ್ಯಾಹ್ನದ ಊಟಕ್ಕೆ ಅವನೊಂದು ಬಾಟಲಿ ವೈನ್ ತರುತ್ತಿದ್ದ. ದುಬಾರಿಯದ್ದೇನಲ್ಲ, ಸಂಬಳದವರ ಕೈಗೆ ಎಟುಕುವಂಥದ್ದು. ಅಲೆಂತೇಜು ಸೀಮೆಯ ಕೆಂಪು, ಉತ್ತರದ ಮಿನ್ಯೋದ ನಾಲಿಗೆ ಚುರುಗುಡಿಸುವ ಎಳೆಯ ವೈನ್, ಎಂದಾದರೊಮ್ಮೆ ಸ್ಪೇನಿನದು, ಇಲ್ಲವೇ ಸಿಸಿಲಿಯದು. ಹೆಸರು ಕಾಣದಂತೆ ಬಾಟಲಿಗೆ ಹಳೆಯ ಉಣ್ಣೆಯ ಕಾಲುಚೀಲ ತೊಡಿಸಿ ಮೇಜಿನ ಮೇಲಿಡುವನು. ಉಪ್ಪುಮೀನಿನ ಬೋಂಡಾ, ಆಲಿವ್ ಕಾಯಿ, ಮುಸುಕಿನ ಜೋಳದ ಬ್ರೆಡ್ಡು ಪಕ್ಕದಲ್ಲಿರುತ್ತಿದ್ದವು.

"ಏನನ್ಸತ್ತೆ, ಹೇಳು," ಎನ್ನುವನು.

ಇದಲೀನಾ ಲೋಟಕ್ಕೆ ಮೂಗು ತಂದು ಕಣ್ಣು ಮುಚ್ಚುವಳು. "ಇದು ಮಳೇಲಿ ನೆಂದು ಬಂದ ನಮ್ಮಪ್ಪನ ಕೋಟು ಇದ್ದ ಹಾಗಿದೆ. ಒಲೆ ಮುಂದೆ ಒಣಹಾಕ್ತಿದ್ವಲ್ಲ, ಆ ಹೊಗೆ." ಇನ್ನೊಂದು ವಾರ, "ಇವಳು ಹೊಸ ಸೊಸೆ. ಬಾಗಿಲಲ್ಲಿ ನಗ್ತಾಳೆ, ಒಳಗೆ ಬಂದ ಮೇಲೆ ತುಟಿ ಬಿಗೀತಾಳೆ." ಅಮೀಲ್ಕರ್ ತಲೆದೂಗಿ ಕುಡಿಯುತ್ತಿದ್ದ. ಅವನಿಗೆ ಎಲ್ಲ ವೈನೂ ಒಂದೇ, ಕೆಂಪು ಇಲ್ಲವೇ ಬಿಳಿ.

ಅವನು ನಿವೃತ್ತನಾದ ವರ್ಷ ನಜರೆ ಎಂಬ ಊರಿನಲ್ಲಿದ್ದ ಅವನ ತಾಯಿ ಫೆಲಿಸ್ಮೀನಾಗೆ ಲಕ್ವ ಹೊಡೆಯಿತು. ಆಯುಷ್ಯವಿಡೀ ಮೀನು ಮಾರಿದ ಹೆಂಗಸು. ಬಲಗೈ ಬಿದ್ದುಹೋದರೂ ನಾಲಿಗೆ ಬೀಳಲಿಲ್ಲ. ಅವಳನ್ನು ಮನೆಗೆ ಕರೆತಂದರು. ಇದಲೀನಾ ಕೆಲಸ ಬಿಟ್ಟಳು. ಅತ್ತೆಯ ಸ್ನಾನ, ಊಟ, ಬಟ್ಟೆ ಎಲ್ಲ ಅವಳದೇ ಆಯಿತು.

ಅದೇ ಕಾಲಕ್ಕೆ ಅಮೀಲ್ಕರ್ ಪಕ್ಕದೂರಿನ ವೈನ್ ಬಳಗವೊಂದನ್ನು ಸೇರಿದ. ತಿಂಗಳಿಗೊಂದು ಭಾನುವಾರ ಸಂಜೆ ಬೆಂಕಿ ಆರಿಸುವ ಸ್ವಯಂಸೇವಕರ ಸಭಾಂಗಣದಲ್ಲಿ ಸೇರುತ್ತಿದ್ದರು. ಒಬ್ಬೊಬ್ಬರೂ ಅಗ್ಗದ ಬಾಟಲಿಯೊಂದನ್ನು ತಂದು, ಎಲ್ಲರಿಗೂ ಹಂಚಿ, ಅದರ ಬಗ್ಗೆ ನಾಲ್ಕು ಮಾತಾಡಬೇಕು.

"ನಾನೂ ಒಂದ್ಸಲ ಬರ್ಲಾ?" ಎಂದು ಇದಲೀನಾ ಕೇಳಿದ್ದಳು.

"ಅಯ್ಯೋ, ಬರೀ ಮುದುಕರು ಮಾರಾಯ್ತಿ. ಕೆಮ್ಮೋದು ಕೇಳ್ಕೊಂಡು ಕೂತಿರ್ಬೇಕು. ಮತ್ತೆ ಅಮ್ಮನ್ನ ಬಿಟ್ಟು ಹೇಗ್ ಬರ್ತೀಯ?"

ಅದೂ ನಿಜವೇ. ಅವಳು ಬೇಸರಿಸಲಿಲ್ಲ, ಯಾಕೆಂದರೆ ಶನಿವಾರದ ಊಟ ಮೊದಲಿಗಿಂತ ಸೊಗಸಾಗಿತ್ತು. ಅಷ್ಟು ವರ್ಷ ಬರೀ ತಲೆದೂಗುತ್ತಿದ್ದ ಗಂಡ ಈಗ ಕುರ್ಚಿ ಮುಂದಕ್ಕೆಳೆದು ಕೇಳುತ್ತಿದ್ದ. "ಆವತ್ತು ಕೋಟು ಅಂದಿದ್ಯಲ್ಲ, ಎಂಥ ಕೋಟು? ಬಣ್ಣ ಏನು?" ಎಂದು ಕೆದಕುತ್ತಿದ್ದ. ಮರುದಿನ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯೆದುರು ಏನೋ ಗೊಣಗುತ್ತಿದ್ದ. ವಯಸ್ಸಾದ ಮೇಲೆ ಕೆಲವು ಗಂಡಸರು ಮೆದುವಾಗುತ್ತಾರೆ, ಇವನೂ ಹಾಗೆ ಎಂದುಕೊಂಡಳು. ಅದೇ ಧೈರ್ಯದ ಮೇಲೆ, ಕಡಲ ಸೀಮೆಯ ಬಿಳಿ ವೈನೊಂದನ್ನು ಮೂಸಿದಾಗ, ಯಾರಿಗೂ ಹೇಳದಿದ್ದುದನ್ನು ಹೇಳಿದಳು. ಅವಳ ತಾಯಿ ಚಳಿಗಾಲಕ್ಕೆಂದು ಸೇಬುಗಳನ್ನು ಮರದ ಪೆಟ್ಟಿಗೆಯಲ್ಲಿ, ಮಡಿಸಿದ ಬಟ್ಟೆಗಳ ನಡುವೆ ಇಡುತ್ತಿದ್ದಳು. ತಾಯಿ ತೀರಿಕೊಂಡ ದಿನ ಹೆಣಕ್ಕೆ ಹೊದಿಸುವ ಬಟ್ಟೆ ತರಲು ಹೋಗಿ, ಏಳು ವರ್ಷದ ಇದಲೀನಾ ಆ ಪೆಟ್ಟಿಗೆ ತೆರೆದಿದ್ದಳು. ಈ ವೈನಿನಲ್ಲಿದ್ದುದು ಆಗ ಎದ್ದ ಸೇಬಿನ ವಾಸನೆ.

"ಅಮ್ಮ ಎದ್ದು ಬಂದಳು ಅನ್ನಿಸ್ತು," ಎಂದಳು. ಅಮೀಲ್ಕರ್ ಅವಳ ಕೈ ಹಿಡಿದುಕೊಂಡ.

ಮರುದಿನ ಅವನು ಕನ್ನಡಕ ಮರೆತು ಬಳಗಕ್ಕೆ ಹೋದ. ಅದಿಲ್ಲದೆ ರಾತ್ರಿ ಕಾರು ಓಡಿಸುವುದು ಅವನಿಂದಾಗದು. ಪಕ್ಕದ ಮನೆಯವಳನ್ನು ಅತ್ತೆಯ ಬಳಿ ಕೂರಿಸಿ ಇದಲೀನಾ ಬಸ್ಸು ಹತ್ತಿದಳು.

ಸಭಾಂಗಣ ತುಂಬಿತ್ತು. ಗಂಡಸರಷ್ಟೇ ಹೆಂಗಸರೂ ಇದ್ದರು. ಅಮೀಲ್ಕರ್ ಲೋಟ ಹಿಡಿದು ಎದ್ದು ನಿಂತಿದ್ದ, ಬಾಗಿಲಿಗೆ ಬೆನ್ನು.

"ನಮ್ಮಮ್ಮ ಚಳಿಗಾಲಕ್ಕೆ ಸೇಬುಗಳನ್ನ ಬಟ್ಟೆ ಪೆಟ್ಟಿಗೇಲಿ ಇಡ್ತಿದ್ರು," ಎನ್ನುತ್ತಿದ್ದ. "ಅವರು ಹೋದಾಗ ನನಗೆ ಏಳು ವರ್ಷ. ಪೆಟ್ಟಿಗೆ ತೆಗೆದೆ..." ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ. "ಅಮ್ಮ ಎದ್ದು ಬಂದಳು ಅನ್ನಿಸ್ತು."

ಯಾರೂ ಕೆಮ್ಮಲಿಲ್ಲ. ಬಾಗಿಲ ಬಳಿಯ ದಪ್ಪನೆಯ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು: "ಇವರ ಬಾಯಲ್ಲಿ ದೇವರೇ ಕೂತಿದ್ದಾನೆ ಕಣಮ್ಮ. ಹೋದ್ಸಲ ಅವರಪ್ಪನ ಒದ್ದೆ ಕೋಟಿನ ಕತೆ ಹೇಳಿದ್ರು. ಇವತ್ತಂತೂ ಕರುಳು ಹಿಂಡಿಬಿಟ್ರು."

ಚಪ್ಪಾಳೆ ಎದ್ದಾಗ ಇದಲೀನಾ ಕನ್ನಡಕವನ್ನು ಆ ಹೆಂಗಸಿನ ಕೈಗಿಟ್ಟು, "ಇದು ಅವರದು, ಕೊಟ್ಬಿಡಿ," ಎಂದು ಹೊರಗೆ ಬಂದಳು.

ಮನೆಯಲ್ಲಿ ಸೊಸೆಯ ಮುಖ ನೋಡಿದ ಫೆಲಿಸ್ಮೀನಾ ಬಿಡಲಿಲ್ಲ, ಎಲ್ಲ ಹೇಳಿಸಿದಳು. ಕೇಳಿ ಮುಗಿದ ಮೇಲೆ ಕೇಳಿದಳು, "ಹಂಗಾದ್ರೆ ನಾನು ಸತ್ತು ಅರವತ್ತು ವರ್ಷ ಆಯ್ತು ಅನ್ನು. ಸೇಬು ಬೇರೆ! ನನ್ನ ಪೆಟ್ಟಿಗೇಲಿ ಮೀನಿನ ನಾತ ಬಿಟ್ರೆ ಏನಿತ್ತು?" ಇಬ್ಬರೂ ನಕ್ಕರು. ನಗುತ್ತಲೇ ಇದಲೀನಾ ಅತ್ತಳು.

ಅಮೀಲ್ಕರ್ ಬಂದಾಗ ಅವಳು ಕೂಗಾಡಲಿಲ್ಲ.

"ಗಂಡ ಹೆಂಡತಿ ಮಧ್ಯೆ ನಿನ್ನ ಮಾತು, ನನ್ನ ಮಾತು ಅಂತ ಇರತ್ತಾ?" ಎಂದು ಅವನೇ ಮೊದಲು ಮಾಡಿದ. "ಅಷ್ಟು ವರ್ಷ ಕಚೇರಿಯ ಗಾಜಿನ ಹಿಂದೆ ಕೂತು ಜನರ ಬೈಗುಳ ತಿಂದೆ. ಮೊದಲನೇ ಸಲ ನಾಲ್ಕು ಜನ ನನ್ನ ಮಾತು ಕೇಳ್ತಿದ್ದಾರೆ, ಲೀನಾ."

"ಮಾತು ತಗೊಂಡಿದ್ರೆ ತಗೋ ಅಂತಿದ್ದೆ," ಎಂದಳು ಅವಳು. "ನೀನು ನನ್ನ ಮಾತು ಕೇಳ್ತಿದ್ದೀಯ ಅಂದ್ಕೊಂಡಿದ್ನಲ್ಲ. ನೀನು ಪಾಠ ಒಪ್ಪಿಸೋಕೆ ಕೇಳ್ತಿದ್ದೆ."

ಅವನು ತಲೆ ತಗ್ಗಿಸಿದ. ಮುಂದಿನ ಸಲ ಎಲ್ಲರೆದುರು ನಿಜ ಹೇಳುತ್ತೇನೆ ಎಂದು ಆಣೆ ಇಟ್ಟ. ಮುಂದಿನ ತಿಂಗಳ ಭಾನುವಾರ ಹಗುರವಾದ ಮುಖ ಹೊತ್ತು ಬಳಗದಿಂದ ಬಂದು, "ಹೇಳಿಬಿಟ್ಟೆ. ಎಲ್ಲರೂ ನಕ್ಕರು, ನಿನ್ನ ನೋಡ್ಬೇಕಂತೆ," ಎಂದ. ಇದಲೀನಾ ನಂಬಿದಳು. ಮರುವಾರ ಬೋಂಡಾ ಕರಿದು, ಅವನು ತಂದ ಕೆಂಪನ್ನು ಮೂಸಿ, ಮತ್ತೆ ಬಾಯಿ ತುಂಬ ಮಾತಾಡಿದಳು.

ಕೆಲವು ದಿನ ಕಳೆದು ಆ ದಪ್ಪನೆಯ ಹೆಂಗಸು, ಕುಸ್ತೋದಿಯಾ ಎಂಬವಳು, ಕೈಯಲ್ಲೆರಡು ಬಾಟಲಿ ಹಿಡಿದು ಮನೆಗೇ ಬಂದಳು. ಬಳಗದ ವರ್ಷದೂಟಕ್ಕೆ ಕರೆಯಲು ಬಂದಿದ್ದಳು. "ಕನ್ನಡಕ ತಂದವರು ನೀವೇ ಅಲ್ವಾ! ಪುಣ್ಯವಂತೆ ಕಣಮ್ಮ. ಊಟದ ದಿನ ನಿಮ್ಮನೆಯವರು ಮತ್ತೆ ಅವರಮ್ಮನ ಸೇಬಿನ ಕತೆ ಹೇಳ್ಲೇಬೇಕು, ಎಲ್ಲರೂ ಹಠ ಹಿಡಿದಿದ್ದಾರೆ," ಎಂದಳು.

ಇದಲೀನಾ ಗಂಡನ ಕಡೆ ತಿರುಗಿದಳು. ಅವನು ಬಾಟಲಿ ನೋಡುತ್ತಿದ್ದ.

ಕುಸ್ತೋದಿಯಾಳ ಕಣ್ಣು ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದ ಮುದುಕಿಯ ಮೇಲೆ ಬಿತ್ತು. "ಇವರು?"

"ನಮ್ಮತ್ತೆ," ಎಂದ ಅಮೀಲ್ಕರ್. "ಇವಳ ತಾಯಿ."

ಯಾರಿಗೂ ಸೊಪ್ಪು ಹಾಕದ ಫೆಲಿಸ್ಮೀನಾ ಏನಾದರೂ ಅಂದೇ ಅನ್ನುತ್ತಾಳೆಂದು ಇದಲೀನಾ ಕಾದಳು. ಮುದುಕಿ ಎಡಗೈಯಿಂದ ಬಲಗೈ ಎತ್ತಿ ಮಡಿಲಲ್ಲಿಟ್ಟುಕೊಂಡು ಮಗನನ್ನೇ ನೋಡಿದಳು.

ಇದಲೀನಾ ಹೋಗಿ ಅವಳ ಪಕ್ಕ ನಿಂತು ಹೆಗಲ ಮೇಲೆ ಕೈಯಿಟ್ಟಳು. "ಹೌದು. ನಮ್ಮಮ್ಮ," ಎಂದಳು.

"ಅತ್ತೇನ ಮನೇಲಿಟ್ಕೊಂಡು ನೋಡ್ಕೋತೀರಾ! ಎಂಥ ಮನುಷ್ಯ ನೀವು, ಸೆನ್ಯೋರ್ ಅಮೀಲ್ಕರ್!" ಎಂದು ಕುಸ್ತೋದಿಯಾ ಮತ್ತೆ ಕಣ್ಣೊರೆಸಿಕೊಂಡಳು.

ಅಂದಿನಿಂದ ಫೆಲಿಸ್ಮೀನಾ ಮಗನ ಕೈಯಿಂದ ನೀರು ಮುಟ್ಟಲಿಲ್ಲ. ಸೊಸೆಯನ್ನು "ಮಗಳೇ" ಎಂದು ಕರೆಯತೊಡಗಿದಳು. ಶನಿವಾರ ಇದಲೀನಾ ತಾನೇ ಅಂಗಡಿಗೆ ಹೋಗಿ ಬಾಟಲಿ ತಂದು ಅತ್ತೆಯ ಜೊತೆ ಅಡುಗೆಮನೆಯಲ್ಲಿ ಕುಡಿಯುತ್ತಿದ್ದಳು. ಅಮೀಲ್ಕರ್ ಬಂದರೆ ಇಬ್ಬರೂ ಮಾತು ನಿಲ್ಲಿಸುವರು. ಹಂಚಿಕೊಂಡದ್ದನ್ನು ಸಂತೆಗೆ ಒಯ್ಯುವವನ ಮುಂದೆ ಇನ್ನೇನು ಹೇಳುವುದು? ಬಿಳಿ ವೈನನ್ನಂತೂ ಇದಲೀನಾ ತರಲಿಲ್ಲ. ಅದನ್ನು ಮೂಸಿದರೆ ತಾಯಿ ಬರುತ್ತಿರಲಿಲ್ಲ, ಆ ಸಭಾಂಗಣದ ಚಪ್ಪಾಳೆ ಕೇಳಿಸುತ್ತಿತ್ತು.

ಮುಂದಿನ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಫೆಲಿಸ್ಮೀನಾ ತೀರಿಕೊಂಡಳು. ಸುದ್ದಿ ಹೇಗೋ ಬಳಗಕ್ಕೂ ಮುಟ್ಟಿ, ಹಲವರು ಇಗರ್ಜಿಗೆ ಬಂದರು. ಬಂದವರು ಒಬ್ಬೊಬ್ಬರಾಗಿ ನೇರ ಇದಲೀನಾಳ ಬಳಿ ಹೋಗಿ, ತಬ್ಬಿ, "ತಾಯಿ ಹೋದ್ಮೇಲೆ ಏನಿದೆ ಹೇಳಿ," ಎಂದು ಸಮಾಧಾನ ಹೇಳಿದರು. ಅಮೀಲ್ಕರನಿಗೆ ಬರೀ ಕೈ ಕುಲುಕಿದರು. ಅವನು ಶವಪೆಟ್ಟಿಗೆಯ ಅಂಚು ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಅತ್ತೆಗಾಗಿ ಇಷ್ಟು ಅಳೋ ಅಳಿಯನ್ನ ನಾನು ಕಂಡಿಲ್ಲ," ಎಂದಳು ಕುಸ್ತೋದಿಯಾ.

ಅಮೀಲ್ಕರ್ ಮುಖವೆತ್ತಿ ಹೆಂಡತಿಯನ್ನು ನೋಡಿದ. ಅವಳಾದರೂ ಹೇಳಲಿ ಎಂಬಂತಿತ್ತು ಆ ನೋಟ. ಹೇಳಬೇಕಾದವನು ತಾನು ಎಂಬುದು ಅವನಿಗೆ ಗೊತ್ತಿತ್ತು. ಅವನು ಮತ್ತೆ ಪೆಟ್ಟಿಗೆಯ ಅಂಚಿಗೆ ಮುಖವೊತ್ತಿದ. ಇದಲೀನಾ ಕಪ್ಪು ಶಾಲು ಸರಿಮಾಡಿಕೊಂಡು, ಸಮಾಧಾನ ಹೇಳಲು ಬಂದ ಮುಂದಿನವರಿಗೆ ಕೈ ಚಾಚಿದಳು.