ಗಂಗವ್ವನ ಹರವಿ

ಬೇವಿನ ಹಸಿ ಎಲೆಯನ್ನು ಕುಳ್ಳಿನ ಕೆಂಡದ ಮೇಲೆ ಹಾಕಿದಾಗ ಮೊದಲು ಬರುವುದು ಕಣ್ಣು ಉರಿಸುವ ಕಹಿ. ಹೊಗೆ ತೆಳುವಾದ ಮೇಲೆ ಅದರಡಿಯಿಂದ ಬೆಚ್ಚನೆಯ ಬೂದಿಯ ವಾಸನೆ ಏಳುತ್ತದೆ. ಮೊನ್ನೆ ಯಾದಗಿರಿಯಲ್ಲಿ ನಮ್ಮ ಹಾಸ್ಟೆಲಿನ ಹಿಂದಿನ ಓಣಿಯಲ್ಲಿ ಯಾರೋ ಸೊಳ್ಳೆಗೆಂದು ಹೊಗೆ ಹಾಕಿದ್ದರು. ನನ್ನ ಕೋಣೆಯ ಗೆಳತಿ ಓಢಣಿಯಿಂದ ಮೂಗು ಮುಚ್ಚಿಕೊಂಡೇ, "ನೋಡು, ಹಳೇ ಮಂದಿಗೆ ಎಲ್ಲಾ ಗೊತ್ತಿತ್ತು" ಎಂದಳು. ಇಂಥ ಮಾತನ್ನು ಸುಮ್ಮನೆ ದಾಟಿಹೋಗಲು ಬಿಡುವವಳಲ್ಲ ನಾನು. ಯಾರಿಗೆ ಗೊತ್ತಿತ್ತು, ಎಷ್ಟು ಗೊತ್ತಿತ್ತು, ಅದಕ್ಕೇನು ಆಧಾರ ಎಂದು ಅಡ್ಡ ಹಾಕಿ ನಿಲ್ಲಿಸುತ್ತಿದ್ದೆ. ಆದರೆ ಅವತ್ತು ಆ ವಾಸನೆ ಆಗಲೇ ನನ್ನನ್ನು ನಮ್ಮೂರು ಸಗರದ ಮಣ್ಣಿನ ಮಾಳಿಗೆ ಮನೆಗೆ ಒಯ್ದು, ಬೆಳಕಿಂಡಿಯಿಂದ ಇಳಿಯುವ ಸಂಜೆಬಿಸಿಲಿನಲ್ಲಿ ನೀಲಿ ಹೊಗೆ ಸುರುಳಿ ಸುತ್ತುವ ಪಡಸಾಲೆಯಲ್ಲಿ ಕೂರಿಸಿತ್ತು. ಆ ಮನೆ ಈಗಿಲ್ಲ. ನಿಮಗೂ ಎಲ್ಲೋ ಇಂಥ ಒಂದು ಇಲ್ಲದ ಮನೆ ಇರುತ್ತದೆ. ಹಾಗಾಗಿ ಹೆಚ್ಚು ವಿವರಿಸಬೇಕಿಲ್ಲ.

ಆ ಮನೆಯ ಯಜಮಾನಿ ನನ್ನ ಆಯಿ, ಅಪ್ಪನ ಅವ್ವ. ಅವಳು ಸೊಸೆಯಾಗಿ ಬಂದಾಗ ನಮ್ಮ ಕಡೆ ಕಾಲುವೆ ಇರಲಿಲ್ಲ. ಬೇಸಿಗೆಯಲ್ಲಿ ಬಾವಿಯ ತಳಕ್ಕಿಳಿದು, ಒಸರುವ ನೀರನ್ನು ಬಟ್ಟಲಿನಿಂದ ಬಳಿದು ಕೊಡ ತುಂಬಿಸಿದವಳು. ಆಮೇಲೆ ನಾರಾಯಣಪುರದ ಕಡೆಯಿಂದ ಕಾಲುವೆ ಬಂತು, ಜೋಳದ ಹೊಲಗಳಲ್ಲಿ ಭತ್ತ ನಿಂತಿತು, ಸೊಳ್ಳೆಯೂ ಬಂತು. ಆಯಿಗೆ ಮಾತ್ರ ಬಾವಿಯ ತಳ ಮರೆಯಲಿಲ್ಲ. ನೀರು ಚೆಲ್ಲಿದ ಸದ್ದು ಕೇಳಿದರೆ ಉಣ್ಣುವ ಕೈಯಲ್ಲೇ ಎದ್ದು ಬರುತ್ತಿದ್ದಳು. ಹಂಡೆ, ಬಿಂದಿಗೆ, ಕಂಠ ಒಡೆದ ಗಡಿಗೆ, ಹಿತ್ತಲ ಒರಳಿನ ಗುಳಿ, ಎಲ್ಲದರಲ್ಲೂ ನೀರು. ಎಲ್ಲಕ್ಕಿಂತ ಮಿಗಿಲಾದದ್ದು ಗಂಗವ್ವನ ಹರವಿ. ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟ ದಿನ ದೊಡ್ಡದೊಂದು ಹೊಸ ಮಣ್ಣಿನ ಹರವಿಯಲ್ಲಿ ಮೊದಲ ನೀರು ತಂದು, ಅರಿಷಿಣ ಕುಂಕುಮ ಹಚ್ಚಿ, ಕೊರಳಿಗೆ ಹಸಿರು ಬಳೆ ಕಟ್ಟಿ, ಒಳಗಿನ ಕೋಣೆಯ ಮೂಲೆಯಲ್ಲಿ ಕೂರಿಸುತ್ತಿದ್ದಳು. ಕಾಲುವೆ ಬಂದ್ ಆಗುವ ತನಕ ಅದನ್ನು ಬರಿದು ಮಾಡುವಂತಿಲ್ಲ. ಇಂಗಿದಷ್ಟನ್ನು ಮತ್ತೆ ತುಂಬಬೇಕು. ಮೇಲಿನ ತಾಟನ್ನೂ ಪೂರ್ತಿ ಮುಚ್ಚುವಂತಿಲ್ಲ. ಬೆರಳು ಹೋಗುವಷ್ಟು ಸಂದು ಬಿಡುತ್ತಿದ್ದಳು. ಯಾಕೆಂದು ನಾನು ಕೇಳಿದರೆ, "ಗಂಗವ್ವ ಉಸುರಾಡಬ್ಯಾಡೇನು? ನಿನ್ನ ಬಾಯಿ ಮುಚ್ಚಿದ್ರ ನೀ ಇರ್ತೀಯೇನ, ವಕೀಲವ್ವ?" ಎನ್ನುತ್ತಿದ್ದಳು.

"ನನ್ನ ಬಾಯಿ ಯಾರಿಂದ ಮುಚ್ಚಾಕ ಆಗ್ತದ ಆಯಿ?"

"ಅದೂ ಖರೇನ ಬಿಡು."

ಆ ಕೋಣೆ ನನ್ನ ಚಿಗವ್ವನದು. ಕಾಕಾನ ಹೆಂಡತಿ, ಶಾಂತವ್ವ. ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವ, ರೊಟ್ಟಿ ಬಡಿಯುವಾಗ ಬಳೆಯ ಸದ್ದಿಗೆ ತನ್ನಷ್ಟಕ್ಕೆ ತಲೆ ಆಡಿಸುವ ಹೆಂಗಸು. ಮದುವೆಯಾಗಿ ಬಹಳ ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ತಾಟು ಸರಿಸಿ ಹರವಿಯೊಳಗೆ ಬಗ್ಗಿ ನೋಡುತ್ತಿದ್ದಳು, ನನ್ನನ್ನೂ ಕರೆಯುತ್ತಿದ್ದಳು. ರಾಡಿ ತಳಕ್ಕಿಳಿದು ತಿಳಿಯಾದ ನೀರಿನಲ್ಲಿ ದಾರದ ತುಂಡಿನಂಥ ಸಣ್ಣ ಹುಳುಗಳು ತಲೆಕೆಳಗಾಗಿ ತೂಗುತ್ತಿದ್ದವು. ನಮ್ಮ ನೆರಳು ಬಿದ್ದೊಡನೆ ಮೈ ಕುಣಿಸುತ್ತ ಕೆಳಗೆ ಓಡುತ್ತಿದ್ದವು.

"ಹುಳ ಬಿದ್ದಾವ ಚಿಗವ್ವ, ಚೆಲ್ಲಬೇಕು" ಎಂದೆ ಒಮ್ಮೆ.

"ಹುಚ್ಚಿ, ಅವು ಹುಳ ಅಲ್ಲ, ಗಂಗವ್ವನ ಮಕ್ಕಳು. ಇವು ಆಡಿದ ಮನ್ಯಾಗ ಕೂಸು ಆಡ್ತದಂತ ಆಯಿ ಹೇಳ್ಯಾಳ."

ಸತ್ತ ನೀರಿನಲ್ಲಿ ಜೀವ ಇರುವುದಿಲ್ಲ, ಇದರಲ್ಲಿ ಇದೆ, ಆದ್ದರಿಂದ ಇದು ಜೀವಂತ ನೀರು ಎಂಬುದು ಅವರ ವಾದ. ಅದರಲ್ಲಿ ತಪ್ಪು ಎಲ್ಲಿದೆ ಎಂದು ಎತ್ತಿ ತೋರಿಸಲು ನನಗಾಗ ಬರಲಿಲ್ಲ. ಈಗ ಯೋಚಿಸಿದರೂ ತಪ್ಪು ಕಾಣುವುದಿಲ್ಲ. ಆ ನೀರು ಜೀವಂತವೇ ಇತ್ತು.

ಕೊನೆಗೊಂದು ವರ್ಷ ಚಿಗವ್ವ ಬಸಿರಾದಳು; ಹರವಿಯ ಕೊರಳಿಗೆ ಇನ್ನಷ್ಟು ಬಳೆ ಏರಿದವು. ತವರಿನಲ್ಲಿ ಅವಳಿಗೆ ಅವ್ವ ಇರಲಿಲ್ಲವಾದ್ದರಿಂದ ಬಾಣಂತನ ನಮ್ಮಲ್ಲೇ ಆಯಿತು. ಹೆಣ್ಣು ಕೂಸು. ಗಂಗಾ ಎಂದೇ ಹೆಸರಿಟ್ಟರು. ಆಗ ಊರಿನಲ್ಲಿ ಜ್ವರ ಎದ್ದಿತ್ತು, ಹಾಗಾಗಿ ತಾಯಿ ಮಗುವನ್ನು ಸೊಳ್ಳೆಯಿಂದ ಕಾಯುವುದೇ ಇಡೀ ಮನೆಯ ಉದ್ಯೋಗವಾಯಿತು. ಹೊತ್ತು ಇಳಿಯುವ ಮೊದಲೇ ಕಿಟಕಿ ಬಾಗಿಲು ಮುಚ್ಚಿ, ಆಯಿ ಒಡಕು ಗಡಿಗೆಯಲ್ಲಿ ಬೇವು ಸುಟ್ಟು ಮೂಲೆಮೂಲೆಗೆ ಹಿಡಿಯುತ್ತಿದ್ದಳು. ಪಕ್ಕದ ಮನೆಯ ಮಾಬೂಬಿ ಖಾಲಾ, ಹೈದರಾಬಾದಿನಿಂದ ತರಿಸಿದ್ದ ತನ್ನ ಸೊಳ್ಳೆಪರದೆಯನ್ನು ತಂದು, ತಾನೇ ಚಿಗವ್ವ ಮಲಗುವ ಬಾಜದ ಮೇಲೆ ಕಟ್ಟಿದಳು. ಕಟ್ಟಿ, ದೂರ ನಿಂತು ನೋಡಿ, "ಅಬಬಬ! ಮನ್ಯಾಗ ಗೋಳಗುಮ್ಮಟ ಕಟ್ಟೀವಲ್ಲವಾ! ಒಳಗ ಬೇಗಂಸಾಬ್, ಹೊರಗ ನಾವು ಫಕೀರರು" ಎಂದಳು.

"ಬಾಣಂತಿ ಮುಂದ ಗೋರಿ ಹೆಸರು ಎತ್ತತೀಯಲ್ಲ, ನಿನ್ನ ನಾಲಿಗಿಗೆ ಬರಿ ಎಳೀಬೇಕು" ಎಂದು ಆಯಿ ಸಿಡಿದಳು.

"ತೌಬಾ ತೌಬಾ, ಮಹಲ ಅಂತೀನಿ ತಗೋರಿ."

ಪರದೆಯೊಳಗೆ ಚಿಗವ್ವ ಸೆರಗು ಅಡ್ಡ ಹಿಡಿದು ನಕ್ಕಳು. ಬಿಳಿ ಜಾಲರಿಯ ಹಿಂದೆ ಮಸುಕಾಗಿದ್ದ ಆ ನಗುವೇ ನನ್ನಲ್ಲಿ ಉಳಿದಿರುವ ಅವಳ ಮುಖ.

ಬೆಳಗಾದರೆ ಪರದೆಯನ್ನು ಎತ್ತಿ ಕಟ್ಟುತ್ತಿದ್ದರು. ಸೊಳ್ಳೆ ಸಂಜೆಯದು, ಕಾಲುವೆಯದು, ಹೊರಗಿನದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಗಲಿಡೀ ಚಿಗವ್ವ ಆ ಕತ್ತಲ ಕೋಣೆಯಲ್ಲಿ, ಹರವಿಯ ಪಕ್ಕದಲ್ಲೇ ಮಲಗಿರುತ್ತಿದ್ದಳು. ಕಾಲಿಗೆ ಕಡಿದರೆ ತುರಿಸಿಕೊಂಡು, "ಇದು ಹಗಲ ಸೊಳ್ಳಿ, ಬಿಳೇ ಪಟ್ಟಿ ಕಾಲಿಂದು. ಇದು ಕಡದ್ರ ಏನಾಗಂಗಿಲ್ಲ" ಎನ್ನುತ್ತಿದ್ದಳು. ಆದರೂ ಕೂಸಿನ ಮೇಲೆ ತನ್ನ ಸೆರಗನ್ನು ಪೂರ್ತಿ ಹೊದಿಸಿರುತ್ತಿದ್ದಳು. ಅವಳ ತೋಳು, ಕಾಲು ಬಯಲಿಗಿರುತ್ತಿದ್ದವು.

ಜ್ವರ ಅವಳಿಗೆ ಬಂತು. ಕಣ್ಣಿನ ಹಿಂದೆ ನೋವೆಂದಳು, ಎಲುಬು ಮುರಿದಂತೆ ಆಗುತ್ತದೆಂದಳು. ಬಾಣಂತಿ ನಂಜೆಂದು ಕಷಾಯ ಕೊಟ್ಟರು. ವಸಡಿನಲ್ಲಿ ರಕ್ತ ಕಂಡಾಗ ಕಾಕಾ ಅವಳನ್ನು ಜೀಪಿನಲ್ಲಿ ಶಹಾಪುರಕ್ಕೆ ಒಯ್ದ. ಅಲ್ಲಿಂದ ಮುಂದಿನ ದವಾಖಾನೆಗೆ ಒಯ್ಯುವ ದಾರಿಯಲ್ಲಿ ಅವಳು ಹೋದಳು. ಕೂಸಿಗೆ ಏನೂ ಆಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಕೆಲವು ದಿನ ಕಳೆದು ಆರೋಗ್ಯ ಕೇಂದ್ರದವರು ಓಣಿಯ ಮನೆಮನೆಗೂ ಬಂದರು. ನರ್ಸಕ್ಕ ಹರವಿಯ ತಾಟು ಸರಿಸಿದಳು, ಒಂದು ಚರಿಗೆ ನೀರನ್ನು ಬಿಳಿ ಬೋಗುಣಿಗೆ ಸುರಿದು ಬೆಳಕಿಂಡಿಯ ಕೆಳಗಿಟ್ಟಳು. ಗಂಗವ್ವನ ಮಕ್ಕಳು ಬಿಸಿಲಿನಲ್ಲಿ ಕುಣಿದವು. "ಇವೇ ಆ ಜ್ವರದ ಸೊಳ್ಳಿ ಆಗ್ತಾವ್ರಿ, ಬಿಳೇ ಪಟ್ಟಿ ಕಾಲಿನವು. ಇವಕ್ಕ ರಾಡಿ ಬೇಕಿಲ್ಲ, ನಿಂತ ತಿಳಿ ನೀರು ಸಾಕು. ಕಡಿಯೂದು ಹಗಲಿನಾಗ. ವಾರಕ್ಕೊಮ್ಮಿ ಎಲ್ಲಾ ಚೆಲ್ಲಿ, ತಿಕ್ಕಿ, ಒಣಗಸ್ರಿ. ಸಂದು ಬಿಡದಂಗ ಗಚ್ಚಾಗಿ ಮುಚ್ಚಿಡ್ರಿ."

ಆಯಿ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. "ಅಂದ್ರ ನಾನೇ ಸಾಕಿದೆನೇನವಾ?" ಎಂದಳು.

ಮಾಬೂಬಿ ಖಾಲಾ ಗೋಡೆಯ ಕಡೆ ಮುಖ ಮಾಡಿದಳು. ಆಯಿ ಎದ್ದು, ಯಾರ ಕೈಗೂ ಕೊಡದೆ, ಹರವಿಯನ್ನು ತಾನೇ ಅಂಗಳಕ್ಕೆ ಎಳೆದು ಬೋರಲು ಹಾಕಿದಳು. ಆಮೇಲಿನ ವರ್ಷಗಳಲ್ಲಿ ಪ್ರತಿ ಶುಕ್ರವಾರ ಹಂಡೆ, ಬಿಂದಿಗೆ, ಗಡಿಗೆಗಳೆಲ್ಲ ಅಂಗಳದಲ್ಲಿ ಬಾಯಿ ಕೆಳಗಾಗಿ ಒಣಗುತ್ತಿದ್ದವು. ಚೆಲ್ಲುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಕಳೆದ ವರ್ಷ ಚರ್ಚಾ ಸ್ಪರ್ಧೆಯಲ್ಲಿ ಹಿರಿಯರ ಅರಿವೇ ಮೇಲು ಎಂಬ ವಿಷಯವಿತ್ತು. ನಾನು ವಿರೋಧವಾಗಿ ಮಾತಾಡಿ ಗೆದ್ದೆ. ಹರವಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಸಭೆ ಚಪ್ಪಾಳೆ ತಟ್ಟುತ್ತಿತ್ತು, ಆ ಚಪ್ಪಾಳೆ ಸೊಸೆಯಾಗಿ ಬಂದು ಬಾವಿಯ ತಳದಲ್ಲಿ ಬಟ್ಟಲು ಹಿಡಿದು ಕೂತ ಹುಡುಗಿಯ ಮೇಲೆ ಬೀಳುತ್ತಿತ್ತು. ನನಗೆ ಬೇಡವಾಯಿತು.

ಆಯಿ ತೀರಿಕೊಂಡ ಮೇಲೆ ಒಂದು ಮಳೆಗಾಲಕ್ಕೆ ಮಾಳಿಗೆ ಕುಸಿಯಿತು. ಕಾಕಾ ಮತ್ತೆ ಮದುವೆಯಾಗಿ ಕಕ್ಕೇರಾದಲ್ಲಿದ್ದಾನೆ. ಆಯಿಯೇ ಬೆಳೆಸಿದ್ದ ಗಂಗಾ ಈಗ ಅಲ್ಲಿಯೇ ಶಾಲೆಗೆ ಹೋಗುತ್ತಾಳೆ. ಹೋದ ಸಲ ಭೇಟಿಯಾದಾಗ ನೀರಿನ ಲೋಟ ಕೊಡುತ್ತ ಕೇಳಿದಳು: "ಅಕ್ಕಾ, ನನಗ ಗಂಗಾ ಅಂತ ಯಾಕ ಹೆಸರಿಟ್ಟಾರ?"

"ನೀ ಹುಟ್ಟಿದ ವರ್ಷ ಕಾಲುವಿಗೆ ನೀರು ಲಗೂನ ಬಂದಿತ್ತವಾ. ನಿಮ್ಮವ್ವಗ ಭಾಳ ಖುಷಿ ಆಗಿತ್ತು."

"ಅಷ್ಟೇ?"

"ಅಷ್ಟೇ."

ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅವಳು ತನ್ನ ಲೋಟದಲ್ಲಿ ಉಳಿದಿದ್ದ ನೀರನ್ನು ತುಳಸಿಗೆ ಸುರಿದು, ಕಟ್ಟೆಯ ಮೇಲೆ ಬೋರಲು ಹಾಕಿದಳು. "ಆಯಿ ಹಿಂಗ ಮಾಡ್ತಿದ್ಲು. ಯಾಕಂತ ಮಾತ್ರ ಹೇಳಲಿಲ್ಲ" ಎಂದಳು. ನಾನೂ ನನ್ನ ಲೋಟ ಬರಿದು ಮಾಡಿ, ಅದರ ಪಕ್ಕದಲ್ಲಿ ಬಾಯಿ ಕೆಳಗೆ ಮಾಡಿ ಇಟ್ಟೆ.